ಬನಶಂಕರಿ ಸಿಗ್ನಲ್‌ನಲ್ಲಿ ಕಲಿತ ಪುಲ್ಲಿ ಪಾಠ

ಅಪ್ಪ ರಿಟೈರ್ ಆದಾಗ ಪಿಎಫ್ ದುಡ್ಡಲ್ಲಿ ತಗೊಂಡ ಕಾರು ನಮ್ಮದು. 2011ರ ಮಾಡೆಲ್, ಪೆಟ್ರೋಲ್. ಮಂಗಳವಾರ, ಶುಕ್ರವಾರ ಅಮ್ಮನನ್ನು ಮಂಡಿ ನೋವಿನ ಫಿಸಿಯೋಥೆರಪಿಗೆ ಚಿಕ್ಕಲಸಂದ್ರದಿಂದ ಜಯನಗರಕ್ಕೆ ಕರ್ಕೊಂಡು ಹೋಗಿ ಬರೋದೇ ಅದರ ಮುಖ್ಯ ಕೆಲಸ. ಎಸಿ ಹಾಕಿದ್ರೆ ಏರಿನಲ್ಲಿ ಏದುಸಿರು ಬಿಡುತ್ತೆ ಅನ್ನೋದೊಂದೇ ನನ್ನ ತಕರಾರು.

ಮೆಕ್ಯಾನಿಕಲ್ ಓದಿ ಕೋಡ್ ಬರೆಯೋಕೆ ಬಂದವನು ನಾನು. ಕೈ ಸುಮ್ಮನಿರಲ್ಲ. ಒಂದು ರಾತ್ರಿ ವಿಡಿಯೋ ನೋಡ್ತಾ ನೋಡ್ತಾ ಅಲ್ಯೂಮಿನಿಯಂ ಪುಲ್ಲಿ ಕಿಟ್ ಆರ್ಡರ್ ಮಾಡೇಬಿಟ್ಟೆ. ಹಗುರ, ಸೈಜ್ ಚಿಕ್ಕದು, ಪಿಕಪ್ ಜಾಸ್ತಿ ಅಂತ ಬರೆದಿತ್ತು. ಜೊತೆಗೆ ಅದಕ್ಕೆ ಸರಿಹೊಂದುವ ಗಿಡ್ಡ ಬೆಲ್ಟ್.

ಪುಲ್ಲಿ ಅಂದ್ರೆ ಬೇರೇನಲ್ಲ. ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಚಕ್ರದಿಂದ ಬೆಲ್ಟ್ ಹೋಗಿ ಕಲ್ಲು ತಿರುಗಿಸುತ್ತಲ್ಲ, ಅದೇ ಲೆಕ್ಕ. ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತುದಿಯಲ್ಲಿ ಒಂದು ದೊಡ್ಡ ಚಕ್ರ. ಅದರಿಂದ ಹೊರಟ ಬೆಲ್ಟ್ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ಕೆಲವು ಕಾರುಗಳಲ್ಲಿ ವಾಟರ್ ಪಂಪ್, ಎಲ್ಲವನ್ನೂ ತಿರುಗಿಸುತ್ತೆ. ಆ ದೊಡ್ಡ ಚಕ್ರವನ್ನು ಚಿಕ್ಕದು ಮಾಡಿದ್ರೆ ಉಳಿದವು ನಿಧಾನ ತಿರುಗುತ್ತವೆ, ಇಂಜಿನ್ನಿಗೆ ಹೊರೆ ಕಡಿಮೆ. ಕಾಗದದ ಮೇಲೆ ಚೆನ್ನಾಗಿದೆ.

ಭಾನುವಾರದ ಕೆಲಸ

ಭಾನುವಾರ ಬೆಳಿಗ್ಗೆ ಮನೆ ಮುಂದೆಯೇ ಶುರು ಮಾಡಿದೆ. ಬ್ಯಾಟರಿಯ ನೆಗೆಟಿವ್ ತೆಗೆದೆ. ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕೋದು ಪ್ರಾಣದ ಜೊತೆ ಆಟ, ಅದೊಂದು ಮಾತ್ರ ಮಾಡ್ಬೇಡಿ. ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಕವರ್ ತೆಗೆದರೆ ಪುಲ್ಲಿ ಕಾಣುತ್ತೆ. ಬೆಲ್ಟ್ ಯಾವ ದಾರಿಯಲ್ಲಿ ಹೋಗಿದೆ ಅಂತ ಫೋಟೋ ತಗೊಂಡು, ಆಲ್ಟರ್ನೇಟರ್ ಬೋಲ್ಟ್ ಸಡಿಲಿಸಿ ಬೆಲ್ಟ್ ಬಿಚ್ಚಿದೆ.

ನಡುವಿನ ಬೋಲ್ಟ್ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ಸ್ಪ್ಯಾನರ್ ತಿರುಗಿಸಿದ್ರೆ ಇಂಜಿನ್ನೇ ತಿರುಗುತ್ತೆ. ಅಪ್ಪನನ್ನು ಒಳಗೆ ಕೂರಿಸಿ, ಐದನೇ ಗೇರ್ ಹಾಕಿಸಿ, ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿದೆ. ಉದ್ದದ ಹಿಡಿ ಹಾಕಿ ಮೈಭಾರ ಬಿಟ್ಟಾಗ ಟಕ್ ಅಂತ ಬಿಟ್ಟಿತು.

"ಇದರಲ್ಲಿ ಏನಾಗಿತ್ತೋ?" ಅಂದ್ರು ಅಪ್ಪ.

"ಏನೂ ಆಗಿಲ್ಲಪ್ಪ, ಇನ್ನೂ ಚೆನ್ನಾಗಿ ಮಾಡ್ತಿದೀನಿ."

ಅವರು ಮತ್ತೇನೂ ಕೇಳಲಿಲ್ಲ. ಹೊಸ ಪುಲ್ಲಿ ಹಾಕಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟೇ ಬಿಗಿಯನ್ನು ಟಾರ್ಕ್ ರೆಂಚ್‌ನಲ್ಲಿ ಕೊಟ್ಟೆ. ಉತ್ತರಹಳ್ಳಿ ಮೇನ್ ರೋಡಲ್ಲಿ ಒಂದು ಸುತ್ತು ಹೊಡೆದೆ. ನಿಜವಾಗಿಯೂ ಚುರುಕಾಗಿತ್ತೋ, ದುಡ್ಡು ಕೊಟ್ಟಿದ್ದಕ್ಕೆ ಹಾಗನ್ನಿಸಿತೋ! ಸೋಮವಾರ ಖುಷಿಗೆ ನಾನೇ ಆಫೀಸಿಗೆ ಓಡಿಸಿದೆ. ರಿಂಗ್ ರೋಡ್, ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿ. ಸಿಗ್ನಲ್‌ಗಳಲ್ಲಿ ಎಸಿ ಸ್ವಲ್ಪ ಬೆಚ್ಚಗೆ ಬರ್ತಿತ್ತು. ಗಮನ ಕೊಡಲಿಲ್ಲ.

ಮಂಗಳವಾರದ ಮಳೆ

ಮಂಗಳವಾರ ಸಂಜೆ ಮೀಟಿಂಗ್‌ನಲ್ಲಿದ್ದಾಗ ಅಪ್ಪನ ಫೋನ್. ಬನಶಂಕರಿ ಸಿಗ್ನಲ್‌ನಲ್ಲಿ ಕಾರು ಆಫ್ ಆಗಿದೆ, ಸ್ಟಾರ್ಟ್ ಆಗ್ತಿಲ್ಲ. ಜೋರು ಮಳೆ. ಹಿಂದೆ ಬಸ್ಸುಗಳ ಹಾರ್ನ್. ಅಮ್ಮನಿಗೆ ಇಳಿದು ನಡೆಯೋಕಾಗಲ್ಲ. ಕೊನೆಗೆ ಇಬ್ಬರು ಆಟೋ ಚಾಲಕರು ತಳ್ಳಿ ಪಕ್ಕಕ್ಕೆ ಹಾಕಿ, ಅಮ್ಮನನ್ನು ಮನೆಗೆ ಬಿಟ್ಟರು. ನಾನು ಜಂಪರ್ ಕೇಬಲ್ ಹಿಡಿದು ಸ್ನೇಹಿತನ ಕಾರಲ್ಲಿ ತಲುಪಿದಾಗ ಅಪ್ಪ ಅಂಗಡಿಯೊಂದರ ಮುಂದೆ ನೆನೆದು ನಿಂತಿದ್ರು.

ರಾತ್ರಿ ಮಲ್ಟಿಮೀಟರ್ ಹಿಡಿದು ಕೂತೆ. ಇಂಜಿನ್ ಓಡುವಾಗ ಬ್ಯಾಟರಿ ಮೇಲೆ ಸುಮಾರು 14 ವೋಲ್ಟ್ ಬರಬೇಕು. ಐಡಲ್‌ನಲ್ಲಿ ಎಸಿ, ಹೆಡ್‌ಲೈಟ್, ವೈಪರ್ ಹಾಕಿದ್ರೆ ನಮ್ಮದು 12.3. ಅಂದ್ರೆ ಚಾರ್ಜ್ ಆಗೋದಿರಲಿ, ಬ್ಯಾಟರಿಯೇ ಖಾಲಿಯಾಗ್ತಿತ್ತು.

ಲೆಕ್ಕ ಸುಲಭ, ಮೊದಲೇ ಮಾಡ್ಬೇಕಿತ್ತು. ಇಂಜಿನ್ ಪುಲ್ಲಿ 140 ಮಿಲಿಮೀಟರ್, ಆಲ್ಟರ್ನೇಟರ್‌ದು 56 ಅಂದ್ಕೊಳ್ಳಿ. ಐಡಲ್‌ನಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದ್ರೆ ಆಲ್ಟರ್ನೇಟರ್ 2000 ಸುತ್ತು. ಇಂಜಿನ್ ಪುಲ್ಲಿ 112ಕ್ಕೆ ಇಳಿದ್ರೆ 1600. ಆಲ್ಟರ್ನೇಟರ್‌ಗೆ ಆ ಕೆಳಗಿನ ವೇಗದಲ್ಲೇ ಶಕ್ತಿ ಕಡಿಮೆ. ರೇಸ್ ಟ್ರ್ಯಾಕಿನಲ್ಲಿ ಇಂಜಿನ್ ಐದಾರು ಸಾವಿರದಲ್ಲಿ ಓಡ್ತಿರುತ್ತೆ, ಅಲ್ಲಿ ಈ ಕಡಿತ ಲೆಕ್ಕಕ್ಕೇ ಬರಲ್ಲ. ನಮ್ಮ ಕಾರು ಓಡೋದಕ್ಕಿಂತ ಸಿಗ್ನಲ್‌ನಲ್ಲಿ ನಿಲ್ಲೋದೇ ಹೆಚ್ಚು. ಟ್ರ್ಯಾಕಿಗೆ ಮಾಡಿದ್ದನ್ನು ಬೆಂಗಳೂರು ಟ್ರಾಫಿಕ್‌ಗೆ ತಂದು ಹಾಕಿದ್ದೆ.

ಇನ್ನೊಂದು ವಿಷಯ ಗೊತ್ತಾಗಿದ್ದು ಹಳೇ ಪುಲ್ಲಿ ಕೈಯಲ್ಲಿ ಹಿಡಿದಾಗ. ನಡುವಿನ ಭಾಗಕ್ಕೂ ಹೊರಗಿನ ಬಳೆಗೂ ಮಧ್ಯೆ ರಬ್ಬರ್ ಪಟ್ಟಿ. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಪ್ರತಿ ಅರ್ಧ ಸುತ್ತಿಗೊಂದು ಸಿಡಿತ. ಪ್ರತಿ ಹೊಡೆತಕ್ಕೂ ಕ್ರ್ಯಾಂಕ್‌ಶಾಫ್ಟ್ ಚೂರು ತಿರುಚಿಕೊಂಡು ವಾಪಸ್ ಬರುತ್ತೆ. ಆ ನಡುಕ ನುಂಗೋಕೇ ಈ ರಬ್ಬರ್ ಮತ್ತು ಭಾರದ ಬಳೆ. ಕೆಲವು ಇಂಜಿನ್‌ಗಳಲ್ಲಿ ಪುಲ್ಲಿ ಗಟ್ಟಿ ಲೋಹದ್ದೇ ಇರುತ್ತೆ, ನಮ್ಮದರಲ್ಲಿ ಹಾಗಿರಲಿಲ್ಲ. ನಾನು ಬೇಡದ ತೂಕ ಅಂತ ಕಿತ್ತು ಹಾಕಿದ್ದು ಅದನ್ನೇ. ವರ್ಷಗಟ್ಟಲೆ ಹಾಗೇ ಓಡಿಸಿದ್ರೆ ಪೆಟ್ಟು ಬೀಳೋದು ಶಾಫ್ಟಿಗೆ, ಬೇರಿಂಗಿಗೆ.

ಆಫೀಸಲ್ಲಿ ಹಳೇ ಕೋಡಿನ ಒಂದು ಸಾಲು ಯಾಕಿದೆ ಅಂತ ಗೊತ್ತಿಲ್ಲದೆ ಅಳಿಸೋ ಜೂನಿಯರ್‌ಗೆ ನಾನೇ ಬುದ್ಧಿ ಹೇಳ್ತೀನಿ. ಮನೇಲಿ ಅದೇ ತಪ್ಪು ಮಾಡಿದ್ದೆ.

ಹಾಗಂತ ಕಂಪನಿದಲ್ಲದ ಪಾರ್ಟೆಲ್ಲ ಕೆಟ್ಟದ್ದು ಅಂತಲ್ಲ. ಐಡ್ಲರ್ ಅಥವಾ ಟೆನ್ಷನರ್ ಪುಲ್ಲಿಯ ಬೇರಿಂಗ್ ಕಿರ್ ಅನ್ನೋಕೆ ಶುರುವಾದ್ರೆ, ಜೆ.ಸಿ. ರೋಡಲ್ಲಿ ಅದೇ ಅಳತೆಯ ಒಳ್ಳೆ ಬ್ರ್ಯಾಂಡಿನದು ತಂದು ಹಾಕಿ. ಕೈಯಲ್ಲಿ ತಿರುಗಿಸಿ ನೋಡಿ, ಸದ್ದಿಲ್ಲದೆ ತಿರುಗಬೇಕು, ಅಲ್ಲಾಡಬಾರದು. ಹಾಕಿದ ಮೇಲೆ ಎಲ್ಲ ಪುಲ್ಲಿಗಳೂ ಒಂದೇ ಗೆರೆಯಲ್ಲಿವೆಯಾ ಅಂತ ಸ್ಕೇಲ್ ಇಟ್ಟು ನೋಡಿ. ಎಲ್ಲ ಲೈಟು, ಎಸಿ ಹಾಕಿ ಐಡಲ್‌ನಲ್ಲಿ ವೋಲ್ಟ್ ಅಳೆಯದೆ ಮಾತ್ರ ಕಾರನ್ನು ಮನೆಯವರ ಕೈಗೆ ಕೊಡ್ಬೇಡಿ. ನಾನು ಬಿಟ್ಟಿದ್ದು ಆ ಐದು ನಿಮಿಷದ ಕೆಲಸ.

ಬುಧವಾರ ರಜೆ ಹಾಕಿ ಹಳೇ ಪುಲ್ಲಿ, ಹಳೇ ಬೆಲ್ಟ್ ಮತ್ತೆ ಕೂರಿಸಿದೆ. ಈ ಸಲವೂ ಬ್ರೇಕ್ ಒತ್ತಿ ಕೂತಿದ್ದು ಅಪ್ಪನೇ. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮೀಟರ್ 13.9 ತೋರಿಸಿತು.

ಶುಕ್ರವಾರ ಅಮ್ಮನನ್ನು ಕೂರಿಸ್ಕೊಂಡು ಹೊರಟವರು ಕಿಟಕಿ ಇಳಿಸಿ ಕೇಳಿದ್ರು: "ರಾತ್ರಿ ಮತ್ತೇನೂ ಚೆನ್ನಾಗಿ ಮಾಡಿಲ್ಲ ತಾನೆ?"