ಹಿರಿಯರ ಸ್ವಾವಲಂಬನೆ: ಮೊದಲು ಕೈಬಿಡುವ ಕೆಲಸ ಯಾವುದು?

ಲಕ್ವ, ಮೂಳೆ ಮುರಿತದಂಥ ಸಂದರ್ಭಗಳನ್ನು ಬಿಟ್ಟರೆ, ವೃದ್ಧಾಪ್ಯದಲ್ಲಿ ಪರಾವಲಂಬನೆ ಒಂದೇ ದಿನದಲ್ಲಿ ಬರುವುದಿಲ್ಲ. ಅದು ಹಂತ ಹಂತವಾಗಿ ಬರುತ್ತದೆ.

ಅಮೆರಿಕದ ವೈದ್ಯ ಸಿಡ್ನಿ ಕ್ಯಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಆರು ನಿತ್ಯಕರ್ಮಗಳ ಅಳತೆಗೋಲನ್ನು ಪ್ರಕಟಿಸಿದರು: ಸ್ನಾನ, ಬಟ್ಟೆ ಧರಿಸುವುದು, ಶೌಚಾಲಯದ ಬಳಕೆ, ಹಾಸಿಗೆ ಅಥವಾ ಕುರ್ಚಿಯಿಂದ ಏಳುವುದು, ಮಲಮೂತ್ರಗಳ ಹಿಡಿತ ಮತ್ತು ಊಟ. ಸಾಮಾನ್ಯವಾಗಿ ಮೊದಲು ಕಷ್ಟವಾಗುವುದು ಸ್ನಾನ. ಕೊನೆಯವರೆಗೂ ಉಳಿಯುವುದು ಊಟ. ಒದ್ದೆ ನೆಲದ ಮೇಲೆ ನಿಂತು, ಬಗ್ಗಿ, ನೀರು ಎತ್ತಿ ಸುರಿದುಕೊಳ್ಳಲು ಕಾಲಿನ ಬಲವೂ ಬೇಕು, ಸಮತೋಲನವೂ ಬೇಕು. ವಯಸ್ಸಾದಂತೆ ಸ್ನಾಯುಗಳು ಕರಗುತ್ತವೆ. 60ರ ನಂತರ ಈ ಇಳಿಕೆ ಚುರುಕಾಗುತ್ತದೆ.

ಜೈನ ಮನೆಗಳಲ್ಲಿ ಇದರ ಸೂಚನೆ ಇನ್ನೂ ಮೊದಲೇ ಸಿಗಬಹುದು. 48 ನಿಮಿಷದ ಸಾಮಾಯಿಕಕ್ಕೆ ನೆಲದ ಮೇಲೆ ಕುಳಿತು ಏಳಬೇಕು. ಬಸದಿಯ ಮೆಟ್ಟಿಲು, ಹೊಸ್ತಿಲು ದಾಟಬೇಕು. ನಿತ್ಯ ಬಸದಿಗೆ ಹೋಗುತ್ತಿದ್ದ ಹಿರಿಯರು "ಮನೆಯಲ್ಲೇ ಜಪ ಮಾಡುತ್ತೇನೆ" ಎನ್ನತೊಡಗಿದರೆ, ಕುಂದಿರುವುದು ಶ್ರದ್ಧೆಯಲ್ಲ, ಮೊಣಕಾಲಿನ ಬಲವಿರಬಹುದು.

ಮನೆಯಲ್ಲೇ ಪರೀಕ್ಷಿಸಬಹುದು. ಗೋಡೆಗೆ ತಾಗಿಸಿದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ಕೂರುತ್ತಾರೆ ಎಂದು ಎಣಿಸಬೇಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ. 70ರಿಂದ 74 ವಯಸ್ಸಿನವರಲ್ಲಿ ಪುರುಷರಿಗೆ 12ಕ್ಕಿಂತ, ಮಹಿಳೆಯರಿಗೆ 10ಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು.

ಕಳೆದ ಬಲವನ್ನು ಒಂದಷ್ಟು ಮರಳಿ ಪಡೆಯಬಹುದು. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲವರ್ಧನೆಯ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸಲಹೆ ನೀಡಿದೆ. ಪ್ರೋಟೀನೂ ಸಾಕಷ್ಟು ಬೇಕು. ಸೂರ್ಯಾಸ್ತದೊಳಗೆ ಉಣ್ಣುವವರು ಹಗಲಿನ ಪ್ರತಿ ಊಟದಲ್ಲೂ ಅದಿರುವಂತೆ ನೋಡಿಕೊಳ್ಳಬೇಕು. ದ್ವಿದಳ ನಿಯಮ ಪಾಲಿಸುವವರು ಒಂದು ಹೊತ್ತು ಬೇಳೆಕಾಳು, ಇನ್ನೊಂದು ಹೊತ್ತು ಹಾಲು-ಮೊಸರು ಬಳಸಬಹುದು. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಪ್ರಮಾಣ ಹೆಚ್ಚಿಸಬೇಕು.

ಸ್ನಾನದ ಮನೆಯಲ್ಲಿ ಗೋಡೆಗೆ ಹಿಡಿಕೆ, ಕೂರಲು ಸ್ಟೂಲು, ರಾತ್ರಿ ಓಡಾಡಲು ಸಣ್ಣ ದೀಪ, ಬಸದಿಯಲ್ಲಿ ಮೆಟ್ಟಿಲಿಗೆ ಕೈಪಿಡಿ, ಸಾಮಾಯಿಕಕ್ಕೆ ನಾಲ್ಕು ಕುರ್ಚಿ: ಇವು ದೊಡ್ಡ ಖರ್ಚಿನವಲ್ಲ.

ಪ್ರೀತಿಯಿಂದಲೇ ಆಗುವ ತಪ್ಪೊಂದಿದೆ. ನಿಧಾನವಾಗುತ್ತದೆಂದು ಎಲ್ಲವನ್ನೂ ಮನೆಯವರೇ ಮಾಡಿಕೊಟ್ಟರೆ, ಬಳಸದ ಸ್ನಾಯು ಇನ್ನಷ್ಟು ಬೇಗ ಸೊರಗುತ್ತದೆ. ಗುಂಡಿ ಹಾಕಿಕೊಳ್ಳಲು ಐದು ನಿಮಿಷ ಹಿಡಿದರೂ ಅವರೇ ಹಾಕಿಕೊಳ್ಳಲಿ. ಆಗದ್ದಕ್ಕೆ ಮಾತ್ರ ಕೈಜೋಡಿಸಿದರೆ ಸಾಕು. ಆದರೆ ನಿನ್ನೆಯವರೆಗೆ ಮಾಡುತ್ತಿದ್ದ ಕೆಲಸ ಇಂದು ಹಠಾತ್ತನೆ ಆಗದಿದ್ದರೆ ಅದನ್ನು ವಯಸ್ಸಿನ ಮೇಲೆ ಹಾಕದೆ ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಬೇಕು.