ತೆರೆ ಕಪ್ಪಾದ ಮಾತ್ರಕ್ಕೆ ಯಂತ್ರ ಕೆಟ್ಟಿತೆಂದಲ್ಲ

ಬಾಗಲಕೋಟೆ ಜಿಲ್ಲೆಯ ರಬಕವಿ ಹಾಗೂ ಅದರ ಜೋಡಿ ಊರಾದ ಬನಹಟ್ಟಿಗಳ ಹೆಸರು ಕೇಳಿದೊಡನೆ ಮನಸ್ಸಿಗೆ ಬರುವುದು ಮಗ್ಗದ ಸದ್ದು. ಸೀರೆಯ ದಡಿಯಲ್ಲಿ ಹಬ್ಬುವ ಬಳ್ಳಿ, ಸೆರಗಿನಲ್ಲಿ ಅರಳುವ ಹೂವು, ಇವೆಲ್ಲ ಮೊದಲು ಚೌಕುಳಿ ಕಾಗದದ ಮೇಲೆ ಮೂಡುತ್ತಿದ್ದವು. ಹಾಸು ಹೊಕ್ಕುಗಳು ಕೂಡುವ ಒಂದೊಂದು ಸ್ಥಾನಕ್ಕೂ ಒಂದೊಂದು ಮನೆ. ಆ ಮನೆಗಳನ್ನು ಎಣಿಸಿ ರಟ್ಟಿನ ಕಾರ್ಡುಗಳಲ್ಲಿ ರಂಧ್ರ ಕೊರೆದು, ಮಗ್ಗದ ನೆತ್ತಿಯ ಮೇಲಿನ ಜಕಾರ್ಡಿಗೆ ಉಣಿಸಬೇಕು. ನೇಕಾರಿಕೆಯ ಲೋಕದಲ್ಲಿ ಇಂದು ಆ ಕಾಗದದ ಕೆಲಸವನ್ನು ಕಂಪ್ಯೂಟರು ಮಾಡುವುದು ವಾಡಿಕೆಯಾಗಿದೆ.

ಇದೇನೂ ಹೊಸ ನೆಂಟಸ್ತಿಕೆಯಲ್ಲ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್ 1804ರಲ್ಲಿ ರೂಪಿಸಿದ ರಂಧ್ರದ ಕಾರ್ಡುಗಳನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಎರವಲು ಪಡೆದನು. ಗಣಕಯಂತ್ರದ ವಂಶವೃಕ್ಷದಲ್ಲಿ ಮಗ್ಗವೂ ಒಬ್ಬ ಹಿರಿಯ.

ಇಂತಹ ಊರಿನ ವಿನ್ಯಾಸಕಾರನೊಬ್ಬನನ್ನು ಕಲ್ಪಿಸಿಕೊಳ್ಳಿ. ದೊಡ್ಡ ಚಿತ್ರಗಳನ್ನು ತೆರೆದಾಗಲೆಲ್ಲ ಯಂತ್ರ ತಡವರಿಸುತ್ತದೆಂದು ಆತ ಹೊಸ ಗ್ರಾಫಿಕ್ಸ್ ಕಾರ್ಡನ್ನು ಕೊಂಡು ಕೂಡಿಸುತ್ತಾನೆ. ಗುಂಡಿ ಒತ್ತಿದೊಡನೆ ಪಂಖ ತಿರುಗುತ್ತದೆ, ದೀಪ ಹೊತ್ತುತ್ತದೆ; ತೆರೆ ಮಾತ್ರ ಅಮಾವಾಸ್ಯೆಯ ಇರುಳು! ಹಬ್ಬದ ಸೀರೆಗಳ ವಿನ್ಯಾಸ ಒಳಗೆ ಸಿಕ್ಕಿಕೊಂಡಿದೆ, ಮಗ್ಗಗಳು ಕಾದಿವೆ. ಈ ಗಾಬರಿಯಲ್ಲಿ ಕೆಲವರು ಹೊಸ ಮಾನಿಟರನ್ನೇ ಕೊಳ್ಳುತ್ತಾರೆ. ಇನ್ನು ಕೆಲವರು ಯಾರದೋ ಮಾತು ನಂಬಿ ‘ಫಾರ್ಮ್ಯಾಟ್’ ಮಾಡಿಸಿ, ವರ್ಷಗಳ ದುಡಿಮೆಯನ್ನು ತಾವೇ ಅಳಿಸಿಹಾಕುತ್ತಾರೆ. ಚಿತ್ರವನ್ನು ತೋರಿಸುವ ಭಾಗ ಬೇರೆ, ಅದನ್ನು ಕಾಪಾಡುವ ಡಿಸ್ಕ್ ಬೇರೆ ಎಂಬುದನ್ನು ನೆನಪಿಟ್ಟರೆ ಅರ್ಧ ಗಾಬರಿ ಅಲ್ಲಿಗೇ ಇಳಿಯುತ್ತದೆ.

ಎಳೆ ಎಲ್ಲಿ ಕಡಿದಿದೆ?

ಮಗ್ಗ ನಿಂತಿತೆಂದು ನೇಕಾರನು ಮಗ್ಗವನ್ನು ಹೊರಗೆಸೆಯುವುದಿಲ್ಲ; ಎಳೆ ಎಲ್ಲಿ ಕಡಿದಿದೆಯೆಂದು ಹಾಸಿನುದ್ದಕ್ಕೂ ಬೆರಳಾಡಿಸುತ್ತಾನೆ. ಇಲ್ಲಿಯೂ ಅದೇ ನ್ಯಾಯ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ತೆರೆ ಆರಂಭದಿಂದಲೇ ಕಪ್ಪಾಗಿದೆಯೋ, ಅಥವಾ ತಯಾರಕರ ಲಾಂಛನ ಒಮ್ಮೆ ಮಿನುಗಿದ ಮೇಲೆ ಕಪ್ಪಾಯಿತೋ? ಮೊದಲನೆಯದಾದರೆ ದೋಷ ಬಹುಮಟ್ಟಿಗೆ ತಂತಿ, ವಿದ್ಯುತ್ತು, ಜೋಡಣೆಗಳಲ್ಲಿರುತ್ತದೆ. ಎರಡನೆಯದಾದರೆ ಹೆಚ್ಚಾಗಿ ತಂತ್ರಾಂಶದಲ್ಲಿ.

ಆರಂಭದಿಂದಲೇ ಕಪ್ಪಾಗಿದ್ದರೆ ಮೊದಲು ಮಾನಿಟರಿನ ತಂತಿಯನ್ನು ನೋಡಬೇಕು. ಹಿಂದೆ ಮದರ್‌ಬೋರ್ಡಿನ ಕಿಂಡಿಯಲ್ಲಿದ್ದ ತಂತಿಯನ್ನು ಮರೆತು ಅಲ್ಲಿಯೇ ಚುಚ್ಚುವುದು ಅತಿ ಸಾಮಾನ್ಯವಾದ ತಪ್ಪು. ಹೊಸ ಕಾರ್ಡು ಬಂದೊಡನೆ ಅನೇಕ ಯಂತ್ರಗಳು ಹಳೆಯ ಕಿಂಡಿಗೆ ಚಿತ್ರ ಕಳಿಸುವುದನ್ನು ನಿಲ್ಲಿಸುತ್ತವೆ. ಆದ್ದರಿಂದ ತಂತಿ ಹೊಸ ಕಾರ್ಡಿನ ಕಿಂಡಿಗೇ ಸೇರಬೇಕು. ತೆರೆಯ ಮೇಲೆ ‘ನೋ ಸಿಗ್ನಲ್’ ಎಂಬ ಬರಹ ಕಂಡರೆ ಸಂತೋಷಪಡಬಹುದು: ಮಾನಿಟರು ಜೀವಂತವಾಗಿದೆ, ಚಿತ್ರ ಮಾತ್ರ ತಲುಪಿಲ್ಲ. ಅದು ಎಚ್‌ಡಿಎಂಐ ದಾರಿಯನ್ನು ಕಾಯುತ್ತಿದೆಯೋ ಡಿಸ್ಪ್ಲೇಪೋರ್ಟ್ ದಾರಿಯನ್ನೋ ಎಂಬುದನ್ನೂ ಅದರದೇ ಗುಂಡಿಗಳಿಂದ ಸರಿಪಡಿಸಬೇಕು.

ಅನಂತರ ಪೆಟ್ಟಿಗೆಯ ಒಳಗು. ಮುಟ್ಟುವ ಮೊದಲು ವಿದ್ಯುತ್ತಿನ ಪ್ಲಗ್ಗನ್ನು ಕೀಳಬೇಕು. ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಇಳಿಸಬೇಕು. ಕಾರ್ಡು ಪೂರ್ತಿಯಾಗಿ ಕುಳಿತು ಕೊನೆಯ ಕೊಂಡಿ ‘ಟಿಕ್’ ಎಂದು ಕಚ್ಚಿದೆಯೇ? ಹತ್ತಿಯ ಅರಳು ಹಾರುವ ಮನೆಗಳಲ್ಲಿ ಕಿಂಡಿಯೊಳಗೆ ಧೂಳು ಸೇರಿದೆಯೇ? ಕೆಲಸದ ವೇಳೆ ಪಕ್ಕದ ಮೆಮರಿ ಪಟ್ಟಿ ಸಡಿಲವಾಯಿತೇ?

ಹಸಿವಿಗೆ ತಕ್ಕ ಊಟ

ಮುಂದಿನದು ವಿದ್ಯುತ್ತಿನ ಲೆಕ್ಕ. ಮದರ್‌ಬೋರ್ಡಿನ ಕಿಂಡಿ ಕಾರ್ಡಿಗೆ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹಸಿವುಳ್ಳ ಕಾರ್ಡಿಗೆ ಪ್ರತ್ಯೇಕ ತಂತಿ ಬೇಕು: 6 ಕಡ್ಡಿಗಳ ತಂತಿಯಿಂದ ಇನ್ನೂ 75, 8 ಕಡ್ಡಿಗಳ ತಂತಿಯಿಂದ 150 ವ್ಯಾಟ್. ಈ ತಂತಿಯನ್ನು ಚುಚ್ಚಲು ಮರೆತರೂ, ಪವರ್ ಸಪ್ಲೈ ಸಣ್ಣದಾಗಿದ್ದರೂ ಪಂಖ ತಿರುಗಬಹುದು, ಚಿತ್ರ ಬಾರದು.

ಇಷ್ಟಾದರೂ ಬೆಳಕು ಕಾಣದಿದ್ದರೆ ಹೊಸ ಕಾರ್ಡನ್ನು ತೆಗೆದು, ತಂತಿಯನ್ನು ಮದರ್‌ಬೋರ್ಡಿಗೆ ಸೇರಿಸಿ ನೋಡುವುದು ಒಳ್ಳೆಯ ಪರೀಕ್ಷೆ. ಆಗ ಚಿತ್ರ ಬಂದರೆ ಉಳಿದ ಯಂತ್ರ ನಿರ್ದೋಷಿ. ಆದರೆ ಈ ಪರೀಕ್ಷೆ ಎಲ್ಲ ಯಂತ್ರಗಳಿಗೂ ಸಲ್ಲದು. ಹೆಸರಿನ ಕೊನೆಗೆ ‘ಎಫ್’ ಅಕ್ಷರವುಳ್ಳ ಇಂಟೆಲ್ ಪ್ರೊಸೆಸರುಗಳಲ್ಲಿ ಚಿತ್ರ ತೋರಿಸುವ ಸ್ವಂತ ಶಕ್ತಿಯಿಲ್ಲ. ಹಳೆಯ ಮದರ್‌ಬೋರ್ಡು ಹೊಸ ಕಾರ್ಡನ್ನು ಗುರುತಿಸದಿದ್ದರೆ ಅದರ ಬಯೋಸನ್ನು ನವೀಕರಿಸಬೇಕಾಗಬಹುದು. ಬಯೋಸಿನ ವ್ಯವಸ್ಥೆ ಬದಲಾದಾಗ ಕೆಲವು ಯಂತ್ರಗಳು 48 ಅಂಕಿಗಳ ಬಿಟ್‌ಲಾಕರ್ ಕೀಲಿಯನ್ನು ಕೇಳುತ್ತವೆ. ಅದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು.

ಲಾಂಛನ ಕಂಡ ಮೇಲಿನ ಕತ್ತಲೆ

ಲಾಂಛನ ಕಂಡು ಬಳಿಕ ತೆರೆ ಕಪ್ಪಾದರೆ ಕಾರ್ಡಿಗೂ ಯಂತ್ರಕ್ಕೂ ನಡುವೆ ದುಭಾಷಿಯಂತಿರುವ ಡ್ರೈವರನ್ನು ಸಂದೇಹಿಸಬೇಕು. ಹಳೆಯ ಕಾರ್ಡಿನ ದುಭಾಷಿ ಹೊಸಬನ ಮಾತಿಗೆ ಅಡ್ಡಬಂದಿರಬಹುದು. ವಿಂಡೋಸ್ ಯಂತ್ರವಾದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಡ್ರೈವರು ಮರುಜನ್ಮ ಪಡೆಯುತ್ತದೆ. ಅದರಿಂದಾಗದಿದ್ದರೆ ‘ಸೇಫ್ ಮೋಡ್’ ಪ್ರವೇಶಿಸಿ ಹಳೆಯ ಡ್ರೈವರನ್ನು ತೆಗೆದು ಹೊಸದನ್ನು ಹಾಕಬೇಕು. ತೆರೆಯೇ ಕಾಣದವರಿಗೂ ದಾರಿಯುಂಟು: ಆರಂಭದ ಹಂತದಲ್ಲಿಯೇ ಎರಡು ಮೂರು ಬಾರಿ ಯಂತ್ರವನ್ನು ನಿಲ್ಲಿಸಿದರೆ ದುರಸ್ತಿಯ ಪುಟ ಸಾಮಾನ್ಯವಾಗಿ ತಾನಾಗಿ ತೆರೆದುಕೊಳ್ಳುತ್ತದೆ, ಸೇಫ್ ಮೋಡಿಗೆ ಅಲ್ಲಿಂದ ಹೋಗಬಹುದು.

ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ಆ ಕಾರ್ಡನ್ನು ಇನ್ನೊಂದು ಯಂತ್ರದಲ್ಲಿ ಕೂಡಿಸಿ ನೋಡಬೇಕು. ಅಲ್ಲಿಯೂ ಕತ್ತಲೆಯೇ ಆದರೆ ಮಾತ್ರ ಕಾರ್ಡನ್ನು ಅಪರಾಧಿಯೆಂದು ಅಂಗಡಿಗೆ ಮರಳಿಸುವುದು ನ್ಯಾಯ.

ಒಂದು ಬಾರಿಗೆ ಒಂದನ್ನೇ ಬದಲಿಸುವುದು, ಬದಲಿಸಿದ್ದನ್ನು ಬರೆದಿಡುವುದು, ಹೊಸ ಭಾಗ ಕೂಡಿಸುವ ಮೊದಲು ವಿನ್ಯಾಸಗಳ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ಜೋಪಾನ ಮಾಡುವುದು, ಈ ಮೂರು ಅಭ್ಯಾಸಗಳಿದ್ದವರಿಗೆ ಕಪ್ಪು ತೆರೆಯಿಂದಾಗುವ ನಷ್ಟ ಕೆಲವು ಗಂಟೆಗಳದು ಮಾತ್ರ. ಕೆಟ್ಟ ಕಾರ್ಡಿಗೆ ಬದಲು ಕಾರ್ಡು ಅಂಗಡಿಯಲ್ಲಿ ಸಿಗುತ್ತದೆ. ಅಳಿಸಿಹೋದ ಸೆರಗಿನ ಹೂವು ಯಾವ ಅಂಗಡಿಯಲ್ಲಿಯೂ ಸಿಗದು.