ಮಹಾಪೂರದಲ್ಲಿ ಬೋಟ್: ನೀರಿನಡಿಯ ಅಪಾಯ ಗುರುತಿಸುವುದು ಹೇಗೆ?

ಸಾಂಗ್ಲಿ: ಕೃಷ್ಣೆಗೆ ಮಹಾಪೂರ ಬಂದಾಗ ನಡುನದಿಯ ಸೆಳೆತಕ್ಕೆ ಎಲ್ಲರೂ ಹೆದರುತ್ತಾರೆ. ಹೊಲದ ಮೇಲೆ ನಿಂತ ಎದೆಮಟ್ಟದ ನೀರಿಗೆ ಯಾರೂ ಹೆದರುವುದಿಲ್ಲ. ಬೋಟ್ ಸಿಕ್ಕಿಬೀಳುವುದು ಅಲ್ಲೇ.

ಸಾಂಗ್ಲಿಯ ಆಯರ್ವಿನ್ ಸೇತುವೆಯಲ್ಲಿ 45 ಅಡಿ ಅಪಾಯದ ಮಟ್ಟ. 2019ರ ಆಗಸ್ಟ್‌ನಲ್ಲಿ ನೀರು 57 ಅಡಿ ದಾಟಿತ್ತು. ಆ ತಿಂಗಳ 8ರಂದು ಪಲೂಸ್ ತಾಲೂಕಿನ ಬ್ರಹ್ಮನಾಳದಲ್ಲಿ ಪೂರದಿಂದ ಪಾರಾಗಲು ಹೊರಟವರ ಬೋಟ್ ಮಗುಚಿ 17 ಜನ ಸತ್ತರು. ಅದರಲ್ಲಿ ಸಾಮರ್ಥ್ಯಕ್ಕಿಂತ ಹೆಚ್ಚು ಜನರಿದ್ದರು. ಭಾರ ಹೆಚ್ಚಾದರೆ ಬೋಟ್ ಓಲಾಡುವುದಷ್ಟೇ ಅಲ್ಲ, ನೀರಿನಲ್ಲಿ ಇನ್ನಷ್ಟು ಕೆಳಗಿಳಿಯುತ್ತದೆ. ಹತ್ತು ಜನರಿದ್ದಾಗ ಸಲೀಸಾಗಿ ದಾಟಿದ ಬಾವಿಕಟ್ಟೆಗೆ ಇಪ್ಪತ್ತು ಜನರಿದ್ದಾಗ ತಳ ಬಡಿಯಬಹುದು.

ನಮ್ಮ ಭಾಗದಲ್ಲಿ ನೀರಿನಡಿ ಏನೇನಿರುತ್ತದೆ ಎಂಬುದು ಊರವರಿಗೆ ಗೊತ್ತೇ ಇದೆ: ಬಾವಿಕಟ್ಟೆ, ಮೋಟಾರ್ ಪೈಪು, ತಂತಿಬೇಲಿ, ದ್ರಾಕ್ಷಿ ತೋಟದ ಕಂಬ ಮತ್ತು ತಂತಿ, ಬೆಳೆದು ನಿಂತ ಕಬ್ಬು. ಆದ್ದರಿಂದ ಹೊರಗಿನಿಂದ ಬಂದ ರಕ್ಷಣಾ ತಂಡದ ಬೋಟ್‌ನಲ್ಲೂ ಆ ಹೊಲಗಳ ಪರಿಚಯವಿದ್ದ ಒಬ್ಬರು ಮುಂದೆ ಕೂರುವುದು ಒಳ್ಳೆಯದು. ಕೈಯಲ್ಲಿ ಉದ್ದನೆಯ ಬಿದಿರು ಇರಲಿ. ಆಳ ನೋಡುತ್ತ, ನಿಧಾನವಾಗಿ ಸಾಗಬೇಕು. ಸಾಧ್ಯವಾದಷ್ಟು ಡಾಂಬರು ರಸ್ತೆಯ ಮೇಲಿನ ನೀರಿನಲ್ಲೇ ಹೋಗಬೇಕು.

ಹರಿಯುವ ನೀರು ಕೆಲವು ಗುರುತುಗಳನ್ನು ಕೊಡುತ್ತದೆ. ಬಾಣದ ತುದಿಯಂತೆ ಅಲೆ ಎದ್ದು, ಆ ತುದಿ ನೀರು ಬರುವ ದಿಕ್ಕಿಗಿದ್ದರೆ ಅಲ್ಲಿ ಗೂಟವೋ ಕಲ್ಲೋ ಇದೆ ಎಂದು ತಿಳಿಯಿರಿ. ನೀರು ನುಣ್ಣಗೆ ಉಬ್ಬಿ ಅದರ ಹಿಂದೆಯೇ ನೊರೆ ಎದ್ದರೆ ಕೆಳಗೆ ಗೋಡೆ ಇರಬಹುದು. ಆದರೆ ನಿಂತ ಕೆಂಪು ನೀರಿನಲ್ಲಿ ಈ ಯಾವ ಗುರುತೂ ಇರುವುದಿಲ್ಲ. ಅಲ್ಲಿ ಬಿದಿರೇ ಗತಿ.

ಮ್ಹೈಸಾಳ, ರಾಜಾಪುರದಂಥ ಬಂಧಾರಗಳ ವಿಷಯ ಬೇರೆ. ಮೇಲಿನಿಂದ ಬರುವವರಿಗೆ ನೀರು ಸಪಾಟಾಗಿಯೇ ಕಾಣುತ್ತದೆ. ಧುಮುಕುವ ಕಡೆ ಮಾತ್ರ ನೀರು ಸುಳಿದು ಮತ್ತೆ ಗೋಡೆಯತ್ತಲೇ ತಿರುಗುತ್ತದೆ. ಅದರಲ್ಲಿ ಸಿಕ್ಕ ಬೋಟನ್ನಾಗಲಿ ಮನುಷ್ಯನನ್ನಾಗಲಿ ಸುಲಭವಾಗಿ ಬಿಡುವುದಿಲ್ಲ. ಎಂಥ ಈಜುಗಾರನಾದರೂ ಬಂಧಾರದ ಹತ್ತಿರ ಹೋಗಬಾರದು.

ಮೋಟಾರ್ ಬೋಟ್‌ನ ಪಂಖ ತಳಕ್ಕಿಂತ ಕೆಳಗಿರುತ್ತದೆ. ಕಬ್ಬಿನ ರವದಿ, ಹಗ್ಗ, ಸೀರೆ ಏನು ಸುತ್ತಿದರೂ ಎಂಜಿನ್ ನಿಲ್ಲುತ್ತದೆ, ಬೋಟ್ ಸೆಳೆತದ ಪಾಲಾಗುತ್ತದೆ. ಅದಕ್ಕೇ ಹುಟ್ಟು ಜೊತೆಗಿರಬೇಕು. ಪಂಖ ಬಿಡಿಸುವ ಮುನ್ನ ಎಂಜಿನ್ ಪೂರ್ತಿ ಬಂದ್ ಮಾಡಬೇಕು. ಬೋಟ್ ಅಡ್ಡಲಾಗಿ ಮರಕ್ಕೆ ಒತ್ತಿಕೊಂಡರೆ ಹೆದರಿ ಮರದಿಂದ ದೂರ ಸರಿಯುವುದು ಸಹಜ. ಅದೇ ತಪ್ಪು. ಆಗ ನೀರು ಬರುವ ಕಡೆಯ ಅಂಚು ಕೆಳಗಾಗಿ ಬೋಟ್ ತುಂಬಿಕೊಳ್ಳುತ್ತದೆ. ಎಲ್ಲರೂ ಕೂತಲ್ಲಿಂದಲೇ ಮರದತ್ತ ವಾಲಬೇಕು.

ಲೈಫ್ ಜಾಕೆಟ್ ಬೋಟ್‌ನಲ್ಲಿದ್ದರೆ ಸಾಲದು, ಹತ್ತುವ ಮೊದಲೇ ಮೈಮೇಲಿರಬೇಕು.

ಮೇಲೆಯೂ ನೋಡುತ್ತಿರಿ. ನೀರು ಏರಿದಷ್ಟೂ ವಿದ್ಯುತ್ ತಂತಿ ತಲೆಗೆ ಹತ್ತಿರವಾಗುತ್ತದೆ. ಇನ್ನು ಪೂರ ಇಳಿಯುವಾಗ ನಿನ್ನೆ ಬೋಟ್ ಹೋದ ದಾರಿಯಲ್ಲಿ ಇಂದು ಕಂಬದ ತುದಿ ನೀರಿಗೆ ಗೇಣುದ್ದ ಕೆಳಗಿರಬಹುದು. ಪ್ರತಿದಿನ ಬೆಳಿಗ್ಗೆ ಖಾಲಿ ಬೋಟ್‌ನಲ್ಲಿ ಒಮ್ಮೆ ದಾರಿ ನೋಡಿ ಬಂದು, ನಂತರವೇ ಜನರನ್ನು ಹತ್ತಿಸಬೇಕು.